ವೇಷ ಕಂಡರು, ಅರ್ಥ ಕೇಳಲಿಲ್ಲ: ‘ಫ್ರಾಂಕನ್‌ಸ್ಟೈನ್’ ಕಾದಂಬರಿಯ ಒಂದು ಗಡಿನಾಡ ಓದು

ಸಭೆಯಲ್ಲಿರುವ ಹಿರಿಯರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಮಳೆಗಾಲಕ್ಕೆ ಮುನ್ನ ಬರುವ ಪತ್ತನಾಜೆಯ ದಿನ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಾಸರಗೋಡಿನ ಕಡೆ ತಾಳಮದ್ದಳೆಯ ಕಾಲ ಬರುತ್ತದೆ. ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ಚಾವಡಿಯಲ್ಲಿ ಭಾಗವತರ ಪದ, ಮದ್ದಳೆಯ ನುಡಿ, ಪಾತ್ರಗಳ ಮಾತನ್ನು, ಅಂದರೆ ‘ಅರ್ಥ’ವನ್ನು, ಹೇಳಲು ಎದುರುಬದುರಾಗಿ ಕುಳಿತ ಅರ್ಥಧಾರಿಗಳು. ಅಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ರಾವಣನಾಗಲಿ ಕರ್ಣನಾಗಲಿ ನಮ್ಮ ಮುಂದೆ ನಿಲ್ಲುವುದು ಬರಿಯ ಮಾತಿನಿಂದ. ನಾನು ಇಂದು ಮಾತನಾಡಬೇಕೆಂದಿರುವ ಕಾದಂಬರಿ ಹುಟ್ಟಿದ್ದೂ ಮಳೆ ಹಿಡಿದು ಜನ ಮನೆಯೊಳಗೆ ಕುಳಿತಿದ್ದ ದಿನಗಳಲ್ಲಿ. ಅದನ್ನು ಸರಿಯಾಗಿ ಓದುವುದಕ್ಕೆ ಬೇಕಾದದ್ದು ತಾಳಮದ್ದಳೆಯ ಕಿವಿ ಎಂದು ನಾನು ಬಹಳ ಕಾಲದಿಂದ ನಂಬಿಕೊಂಡು ಬಂದಿದ್ದೇನೆ. ಆ ನಂಬಿಕೆಗೆ ಕಾರಣವೇನೆಂಬುದನ್ನು ನಿಮ್ಮ ಮುಂದೆ ಇಡುವುದಷ್ಟೇ ಈ ಉಪನ್ಯಾಸದ ಕೆಲಸ.

1815ರ ಏಪ್ರಿಲ್ ತಿಂಗಳಲ್ಲಿ ಇಂದಿನ ಇಂಡೋನೇಷ್ಯಾದ ಸುಂಬಾವ ದ್ವೀಪದಲ್ಲಿ ತಂಬೋರಾ ಎಂಬ ಜ್ವಾಲಾಮುಖಿ ಸಿಡಿಯಿತು. ಅದರಿಂದ ಎದ್ದ ಗಂಧಕದ ಆವಿ ಆಕಾಶದ ಎತ್ತರದಲ್ಲಿ ಭೂಮಿಯನ್ನೆಲ್ಲ ಸುತ್ತಿಕೊಂಡು ಬಿಸಿಲನ್ನು ತಡೆದುದರಿಂದ ಮರುವರ್ಷ, ಅಂದರೆ 1816ರಲ್ಲಿ, ಯುರೋಪಿನ ಬಹುಭಾಗಕ್ಕೆ ಬೇಸಗೆಯೇ ಬರಲಿಲ್ಲ. ಬೆಳೆ ಕೊಳೆಯಿತು, ಬಡವರು ಹಸಿದರು. ಆ ಜೂನ್ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಡದಲ್ಲಿ, ಕವಿ ಬೈರನ್ ಬಾಡಿಗೆಗೆ ಹಿಡಿದಿದ್ದ ಮನೆಯಲ್ಲಿ, ಮಳೆಗೆ ಸಿಕ್ಕಿಬಿದ್ದ ಕೆಲವರು ದೆವ್ವದ ಕಥೆಗಳನ್ನು ಓದುತ್ತ ಕುಳಿತಿದ್ದರು. ಬೈರನ್, ಅವನ ವೈದ್ಯ ಪೊಲಿಡೋರಿ, ಕವಿ ಪರ್ಸಿ ಶೆಲ್ಲಿ, ಶೆಲ್ಲಿಯ ಸಂಗಾತಿ ಮೇರಿ, ಮೇರಿಯ ಮಲತಂಗಿ ಕ್ಲೇರ್. ಪ್ರತಿಯೊಬ್ಬರೂ ಒಂದೊಂದು ದೆವ್ವದ ಕಥೆ ಬರೆಯಬೇಕೆಂದು ಬೈರನ್ ಸೂಚಿಸಿದ. ಇಬ್ಬರು ಮಹಾಕವಿಗಳೂ ಅಲ್ಲಿ ಹೆಚ್ಚೇನನ್ನೂ ಮುಗಿಸಲಿಲ್ಲ. ಹದಿನೆಂಟು ವರ್ಷದ ಮೇರಿ ಮಾತ್ರ ಆರಂಭಿಸಿದ್ದನ್ನು ಬಿಡದೆ ಬರೆದು, 1818ರ ಜನವರಿ 1ರಂದು ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ, ಐನೂರು ಪ್ರತಿಗಳಲ್ಲಿ, ಲೇಖಕಿಯ ಹೆಸರೇ ಇಲ್ಲದೆ ಅದು ಹೊರಬಂದಿತು. ಮುಂದೆ ಮೇರಿ ಶೆಲ್ಲಿ ಎಂದು ಲೋಕ ಅರಿತ ಆಕೆಯ ‘ಫ್ರಾಂಕನ್‌ಸ್ಟೈನ್’ ಅದು; ವಿಕ್ಟರ್ ಫ್ರಾಂಕನ್‌ಸ್ಟೈನ್ ಎಂಬ ವಿದ್ಯಾರ್ಥಿ ನಿರ್ಜೀವ ಅವಯವಗಳನ್ನು ಕೂಡಿಸಿ, ಜೀವ ಕೊಟ್ಟು, ತಾನು ಮಾಡಿದ ಜೀವಿಯನ್ನು ಬಿಟ್ಟು ಓಡಿದ ಕಥೆ.

ಗಾಥಿಕ್ ಎಂದು ಕರೆಯುವ ಕಾದಂಬರಿಯ ಬಗೆ ಆಗ ಹೊಸದೇನೂ ಆಗಿರಲಿಲ್ಲ. 1764ರಲ್ಲಿ ಹೊರೇಸ್ ವಾಲ್ಪೋಲ್ ತನ್ನ ಕಥೆಯಿಂದ ಅದಕ್ಕೆ ನಾಂದಿ ಹಾಡಿದ್ದ. ಪಾಳುಬಿದ್ದ ಕೋಟೆ, ಗುಪ್ತದ್ವಾರ, ಕುಲಕ್ಕೆ ಅಂಟಿದ ಶಾಪ, ನಡುರಾತ್ರಿಯ ಹೆಜ್ಜೆಸಪ್ಪಳ ಇವೆಲ್ಲ ಓದುಗರಿಗೆ ರೂಢಿಯಾಗಿದ್ದವು. ನಮ್ಮಲ್ಲಿ ಯಾರಾದರೂ ಅಂಥ ಕಥೆ ಬರೆಯಹೊರಟರೆ ಮೊದಲು ಬೇಕಲದ ಕೋಟೆಯ ಕಡೆಗೆ ನೋಡಿಯಾರು. ಮೇರಿ ಶೆಲ್ಲಿ ಕೋಟೆಯ ಕಡೆಗೆ ನೋಡಲಿಲ್ಲ. ಆಕೆಯ ಭಯದ ಜಾಗ ಜರ್ಮನಿಯ ಇಂಗೊಲ್‌ಸ್ಟಾಟ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ ಒಬ್ಬ ವಿದ್ಯಾರ್ಥಿಯ ಮಹಡಿಯ ಮೇಲಿನ ಒಂಟಿ ಕೋಣೆ. ಭಯವನ್ನು ಉಳಿಸಿಕೊಂಡು ದೆವ್ವವನ್ನು ಹೊರಗಿಟ್ಟ ಈ ಒಂದು ತೀರ್ಮಾನದಿಂದ ಗಾಥಿಕ್ ಕಾದಂಬರಿಯ ಒಳಗಿನಿಂದಲೇ ವಿಜ್ಞಾನ ಕಾದಂಬರಿ ಕಣ್ಣು ಬಿಟ್ಟಿತು. ಮೊದಲ ಮುದ್ರಣದ ಮುನ್ನುಡಿಯ ಆರಂಭದಲ್ಲಿಯೇ, ಇಂಥದೊಂದು ಘಟನೆ ನಡೆಯುವುದು ಅಸಾಧ್ಯವೇನಲ್ಲವೆಂದು ಆ ಕಾಲದ ಕೆಲವು ಶರೀರಶಾಸ್ತ್ರಜ್ಞರು ಭಾವಿಸಿದ್ದಾರೆ ಎಂಬ ಮಾತು ಬರುತ್ತದೆ. ದೆವ್ವದ ಕಥೆಗೆ ಇಂಥ ಮುನ್ನುಡಿ ಬೇಕಾಗುವುದಿಲ್ಲ.

ಆ ಮಾತು ಬರಿಯ ಅಲಂಕಾರವೂ ಆಗಿರಲಿಲ್ಲ. ಸತ್ತ ಕಪ್ಪೆಯ ಕಾಲಿಗೆ ಲೋಹ ತಾಗಿಸಿದಾಗ ಅದು ಜೀವವಿದ್ದಂತೆ ಅದುರುವುದನ್ನು ಇಟಲಿಯ ಗಾಲ್ವಾನಿ ಕಂಡು 1791ರಲ್ಲಿ ಪ್ರಕಟಿಸಿದ್ದ. ಅವನ ವಿವರಣೆಯನ್ನು ಒಪ್ಪದ ವೋಲ್ಟಾ 1800ರಲ್ಲಿ ವಿದ್ಯುತ್ಕೋಶವನ್ನು ರೂಪಿಸಿದ. 1803ರ ಜನವರಿಯಲ್ಲಿ ಗಾಲ್ವಾನಿಯ ಸೋದರಳಿಯ ಆಲ್ಡಿನಿ ಲಂಡನ್ನಿನಲ್ಲಿ ಗಲ್ಲಿಗೇರಿದ ಒಬ್ಬ ಕೈದಿಯ ಶವಕ್ಕೆ ಜನರ ಮುಂದೆ ವಿದ್ಯುತ್ ಹಾಯಿಸಿದಾಗ ದವಡೆ ನಡುಗಿತು, ಒಂದು ಕಣ್ಣು ತೆರೆಯಿತು. ಕಾದಂಬರಿಯಲ್ಲಿ ಜೀವ ಬಂದುದರ ಮೊದಲ ಗುರುತು ಕೂಡ ಮಂಕಾದ ಒಂದು ಹಳದಿ ಕಣ್ಣು ತೆರೆದುಕೊಳ್ಳುವುದೇ. ಆದರೆ ಯಂತ್ರ ಯಾವುದು, ವಿಧಾನ ಯಾವುದು ಎಂಬುದನ್ನು ಮೇರಿ ಶೆಲ್ಲಿ ಹೇಳುವುದಿಲ್ಲ. ಮತ್ತೊಬ್ಬ ತನ್ನ ದಾರಿ ಹಿಡಿಯಬಾರದೆಂದು ವಿಕ್ಟರ್ ಫ್ರಾಂಕನ್‌ಸ್ಟೈನನೇ ಆ ಗುಟ್ಟನ್ನು ಬಚ್ಚಿಡುತ್ತಾನೆ. ಸಿನಿಮಾದಲ್ಲಿ ನಾವು ಕಂಡ ಮಿಂಚು, ಕಿಡಿ ಹಾರುವ ಯಂತ್ರಗಳು, ಕುತ್ತಿಗೆಯ ಬೋಲ್ಟುಗಳು ಇವು 1931ರ ಚಿತ್ರದ ಕೊಡುಗೆ. ಪುಸ್ತಕದಲ್ಲಿರುವುದು ನವೆಂಬರ್ ತಿಂಗಳ ಒಂದು ರಾತ್ರಿ, ಕಿಟಕಿಗೆ ಬಡಿಯುವ ಮಳೆ, ಉರಿದು ಮುಗಿಯುತ್ತಿರುವ ಮೇಣದಬತ್ತಿ.

ಇನ್ನೊಂದು ವಿವರವನ್ನು ನೀವು ದಯವಿಟ್ಟು ಗಮನಿಸಬೇಕು. ಆ ಜೀವಿ ಎಂಟು ಅಡಿ ಎತ್ತರ ಇರುವುದಕ್ಕೆ ಕಾರಣವೇನು? ಶರೀರದ ಭಾಗಗಳು ಚಿಕ್ಕವಾಗಿದ್ದರೆ ಕೆಲಸ ನಿಧಾನವಾಗುತ್ತದೆ, ದೊಡ್ಡದಾಗಿ ಮಾಡಿದರೆ ಬೇಗ ಮುಗಿಯುತ್ತದೆ ಎಂದು ವಿಕ್ಟರ್ ಲೆಕ್ಕ ಹಾಕಿದ. ನೋಡಿದವರನ್ನೆಲ್ಲ ಬೆಚ್ಚಿಬೀಳಿಸಿದ ಆ ಭೀಮಕಾಯ ಮಾಡಿದವನ ಅವಸರದ ಫಲ. ಅವಯವಗಳನ್ನು ಚೆಲುವಾಗಿರಲೆಂದೇ ಆರಿಸಿದ್ದೆ ಎಂದು ಅವನೇ ಹೇಳಿಕೊಳ್ಳುತ್ತಾನೆ. ಜೀವ ಬಂದ ಕ್ಷಣದಲ್ಲಿ ಆ ಮುಖ ಅವನಿಗೆ ಸಹಿಸದಾಯಿತು; ಕೋಣೆ ಬಿಟ್ಟು ಓಡಿದ. ರಾತ್ರಿ ಆ ಜೀವಿ ಹಾಸಿಗೆಯ ಪರದೆ ಸರಿಸಿ, ಏನೋ ಹೇಳಲು ಬಾಯಿ ತೆರೆದು, ಕೈ ಚಾಚಿತು. ಆ ಕೈ ಹಿಡಿಯುವುದಕ್ಕೋ ಕೇಳುವುದಕ್ಕೋ ಎಂದು ವಿಕ್ಟರ್ ನಿಂತು ನೋಡಲಿಲ್ಲ, ಮತ್ತೆ ಓಡಿದ. ಕಾದಂಬರಿಯ ಪಾಪ ನಡೆದದ್ದು ಈ ಎರಡು ಓಟಗಳಲ್ಲಿ ಎಂಬುದು ನನ್ನ ಓದು. ಜೀವ ಕೊಟ್ಟದ್ದಕ್ಕಿಂತ, ಜೀವ ಕೊಟ್ಟು ಬಿಟ್ಟು ಹೋದದ್ದು.

ಈ ಕಥೆಯ ಪ್ರಸ್ತಾಪ ಬಂದಾಗಲೆಲ್ಲ ನಮ್ಮಲ್ಲಿ ಭಸ್ಮಾಸುರನ ಹೆಸರು ಹೇಳುವುದು ರೂಢಿ. ವರ ಕೊಟ್ಟವನ ತಲೆಯ ಮೇಲೆಯೇ ಕೈ ಇಡಲು ಹೊರಟ ಅಸುರ, ತಾನು ಮಾಡಿದ್ದರಿಂದಲೇ ಓಡಬೇಕಾದ ಈಶ್ವರ. ಮೇಲ್ನೋಟಕ್ಕೆ ಹೊಂದುತ್ತದೆಯಾದರೂ ಆ ಹೋಲಿಕೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಭಸ್ಮಾಸುರ ವರ ಕೇಳಿ ಪಡೆದವನು. ಇವನು ಹುಟ್ಟನ್ನು ಕೇಳಿರಲಿಲ್ಲ. ಕಾದಂಬರಿಯ ಮುಖಪುಟದಲ್ಲಿ ಮೇರಿ ಶೆಲ್ಲಿ ಇಟ್ಟಿರುವ ಇಂಗ್ಲಿಷ್ ಕವಿ ಮಿಲ್ಟನ್ನನ ಸಾಲುಗಳೂ, ಮಣ್ಣಿನಿಂದ ನನ್ನನ್ನು ಮನುಷ್ಯನನ್ನಾಗಿ ಮಾಡೆಂದು ನಾನು ನಿನ್ನನ್ನು ಕೇಳಿದ್ದೆನೇ ಎಂದು ಆದಮನು ಸೃಷ್ಟಿಕರ್ತನನ್ನು ಪ್ರಶ್ನಿಸುವ ಸಾಲುಗಳು. ನಮ್ಮ ಪುರಾಣದಲ್ಲಿ ಇದಕ್ಕೆ ಹತ್ತಿರವಾದದ್ದು ಕುಂತಿಯ ಕಥೆ. ದೂರ್ವಾಸರು ಕೊಟ್ಟ ಮಂತ್ರ ನಿಜವೋ ಅಲ್ಲವೋ ಎಂದು ಪರೀಕ್ಷಿಸುವ ಕುತೂಹಲ, ಆ ಪರೀಕ್ಷೆಯಿಂದ ಒಂದು ಜೀವ, ಆ ಜೀವವನ್ನು ಕಂಡ ಕೂಡಲೇ ಹೆದರಿಕೆ, ಪೆಟ್ಟಿಗೆ, ಹೊಳೆ. ಕರ್ಣನಿಗೆ ಆಮೇಲೆ ರಾಧೆಯ ಮಡಿಲು ಸಿಕ್ಕಿತು, ರಾಧೇಯ ಎಂಬ ಹೆಸರು ಸಿಕ್ಕಿತು. ಕುಂತಿಯೂ ಎಂದೋ ಒಂದು ದಿನ, ತಡವಾಗಿಯಾದರೂ, ಸ್ವಾರ್ಥ ಬೆರೆತಿದ್ದರೂ, ಮಗನ ಮುಂದೆ ಬಂದು ನಿಂತಳು. ವಿಕ್ಟರನ ಸೃಷ್ಟಿಗೆ ರಾಧೆ ಇಲ್ಲ. ಕುಂತಿ ಲೋಕಕ್ಕೆ ಹೆದರಿದ್ದಳು. ವಿಕ್ಟರ್ ಹೆದರಿದ್ದು ತನ್ನ ಕಣ್ಣು ಕಂಡದ್ದಕ್ಕೆ ಮಾತ್ರ.

ಹೆಸರಿನ ವಿಷಯ ಬಂದುದರಿಂದ ಹೇಳುತ್ತೇನೆ: ಕಾದಂಬರಿಯ ಉದ್ದಕ್ಕೂ ವಿಕ್ಟರ್ ಸೃಷ್ಟಿಸಿದವನಿಗೆ ಹೆಸರೇ ಇಲ್ಲ. ಪಿಶಾಚಿ, ದುಷ್ಟ, ಹುಳ ಎಂದು ಬೈಗುಳಗಳಿಂದಲೇ ಅವನನ್ನು ಕರೆಯಲಾಗುತ್ತದೆ. ಇಂದು ಜನ ಮಾಡಿದವನ ಹೆಸರನ್ನೇ ಮಾಡಲ್ಪಟ್ಟವನಿಗೆ ಇಟ್ಟು ಕರೆಯುತ್ತಾರೆ. ವಿದ್ವಾಂಸರು ಅದನ್ನು ತಪ್ಪೆಂದು ತಿದ್ದುತ್ತಾರೆ. ನನಗೆ ಆ ತಪ್ಪಿನಲ್ಲಿ ಒಂದು ನ್ಯಾಯ ಕಾಣುತ್ತದೆ, ತಂದೆಯ ಹೆಸರು ಮಗನಿಗೆ ಸಲ್ಲಬೇಕಾದದ್ದೇ. ನಮ್ಮ ತುಳುನಾಡಿನ ಮಣ್ಣಿನಲ್ಲಿ ಅನ್ಯಾಯಕ್ಕೊಳಗಾಗಿ ಕಾಯ ಬಿಟ್ಟವರಿಗೆ ಹೆಸರಿದೆ, ಸ್ಥಾನವಿದೆ, ವರ್ಷಕ್ಕೊಮ್ಮೆ ನೇಮ ಎಂಬ ಆರಾಧನೆಯಿದೆ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಕಲ್ಕುಡನು ಇನ್ನೊಂದು ಕಡೆ ಅಂಥ ಕೆಲಸ ಮಾಡಬಾರದೆಂದು ಅರಸನು ಅವನ ಕೈಕಾಲು ಕಡಿಸಿದನೆಂದು ತುಳುವಿನ ಕಥನಗೀತೆಯಾದ ಪಾಡ್ದನ ಹೇಳುತ್ತದೆ. ಆ ಕಲ್ಕುಡನೂ ಅವನ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಇಂದಿಗೂ ಊರ ಮುಂದೆ ತಮ್ಮ ಕಥೆಯನ್ನು ತಾವೇ ನುಡಿಯುತ್ತಾರೆ, ಊರು ಕೈಮುಗಿದು ಕೇಳುತ್ತದೆ. ನಮ್ಮ ಹಿರಿಯರು ಭಯವನ್ನು ಓಡಿಸಲಿಲ್ಲ. ಅದನ್ನು ಕರೆದು, ಕೂರಿಸಿ, ನುಡಿಯಲು ಬಿಟ್ಟರು. ಮೇರಿ ಶೆಲ್ಲಿಯ ಆ ಜೀವಿಗೆ ಅಂಥ ನೆರೆಹೊರೆ ಸಿಗಲಿಲ್ಲ.

ಹಾಗಾದರೆ ಅವನು ಮಾತು ಕಲಿತದ್ದು ಎಲ್ಲಿ? ಕಾದಂಬರಿಯ ನಡುವಿನ ಈ ಭಾಗವನ್ನು ಗಡಿನಾಡಿನವರಾದ ನಾವು ಬೇರೆಯವರಿಗಿಂತ ಹೆಚ್ಚು ಹತ್ತಿರದಿಂದ ಓದಬಲ್ಲೆವು. ಕಾಡಿನಲ್ಲಿ ಅಲೆದು, ಹಳ್ಳಿಗರ ಕಲ್ಲೇಟು ತಿಂದು, ಅವನು ಒಂದು ಬಡಮನೆಗೆ ತಾಗಿದ ಕೊಟ್ಟಿಗೆಯಲ್ಲಿ ಅಡಗಿ ಕುಳಿತುಕೊಳ್ಳುತ್ತಾನೆ. ಗೋಡೆಯ ಬಿರುಕಿನಿಂದ ಒಳಗೆ ನೋಡುತ್ತಾನೆ. ಒಬ್ಬ ಕುರುಡ ಮುದುಕ, ಅವನ ಮಗ, ಮಗಳು. ಅವರು ಫ್ರಾನ್ಸಿನಿಂದ ಗಡೀಪಾರಾಗಿ ಜರ್ಮನ್ ನಾಡಿನಲ್ಲಿ ನೆಲೆಸಿದವರು. ಮುಂದೆ ಅಲ್ಲಿಗೆ ಅವರ ಭಾಷೆ ತಿಳಿಯದ ಸಫೀ ಎಂಬ ಪರದೇಶದ ಹುಡುಗಿ ಬರುತ್ತಾಳೆ. ಮಗ ಅವಳಿಗೆ ಭಾಷೆ ಕಲಿಸುವಾಗ ಗೋಡೆಯ ಆಚೆಗೆ ಇವನೂ ಕಲಿಯುತ್ತಾನೆ. ಅವಳು ಬರುವ ಮೊದಲೇ ಅವನು ಕೇಳಿ ಕೇಳಿ ಹೆಕ್ಕಿಕೊಂಡಿದ್ದವು ಬೆಂಕಿ, ಹಾಲು, ರೊಟ್ಟಿ, ಸೌದೆ, ಆಮೇಲೆ ತಂದೆ, ತಂಗಿ, ಮಗ ಎಂಬ ಪದಗಳು. ಮನೆಯಲ್ಲಿ ತುಳುವನ್ನೋ ಹವ್ಯಕವನ್ನೋ ಕೊಂಕಣಿಯನ್ನೋ ಮರಾಟಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಬಸ್ ನಿಲ್ದಾಣದಲ್ಲಿಯೂ ಕಚೇರಿಯ ಕಿಟಕಿಯ ಮುಂದೆಯೂ ಮಲೆಯಾಳವನ್ನು ಕಿವಿಯಿಂದಲೇ ಹೆಕ್ಕಿಕೊಂಡ ನಮ್ಮ ಮಕ್ಕಳಿಗೆ ಈ ಕಲಿಕೆ ಏನೆಂದು ಗೊತ್ತು. ಬೇರೆಯವರ ಮನೆಯ ಮಾತನ್ನು ಹೊರಗೆ ನಿಂತು ಕಲಿಯುವವನು ಪದದ ಅರ್ಥವನ್ನು ಮಾತ್ರವಲ್ಲ, ಆ ಪದ ತನಗೆ ಸಲ್ಲುತ್ತದೆಯೋ ಇಲ್ಲವೋ ಎಂಬುದನ್ನೂ ಜೊತೆಯಲ್ಲೇ ಕಲಿಯುತ್ತಾನೆ. ‘ತಂದೆ’ ಎಂಬ ಪದವನ್ನು ಕಲಿತ ದಿನ ಅವನಿಗೆ ತನ್ನ ಕೊರತೆಯೂ ತಿಳಿಯಿತು.

ಅವನು ರಾತ್ರಿ ಕಾಡಿನಿಂದ ಸೌದೆ ತಂದು ಅವರ ಬಾಗಿಲಲ್ಲಿ ಇಡುತ್ತಾನೆ. ಒಂದು ದಿನ ಮಕ್ಕಳಿಲ್ಲದ ಹೊತ್ತು ನೋಡಿ ಕುರುಡ ಮುದುಕನ ಬಳಿಗೆ ಹೋಗಿ ಕುಳಿತು ಮಾತನಾಡುತ್ತಾನೆ. ಇಡೀ ಕಾದಂಬರಿಯಲ್ಲಿ ಅವನನ್ನು ಮನುಷ್ಯನೆಂದು ಭಾವಿಸಿ ಆದರಿಸಿದವನು ಈ ಮುದುಕ ಒಬ್ಬನೇ. ಕಾರಣ ಸರಳ: ಮುದುಕನಿಗೆ ವೇಷ ಕಾಣುವುದಿಲ್ಲ, ಅರ್ಥ ಮಾತ್ರ ಕೇಳುತ್ತದೆ. ನಾನು ಮೊದಲೇ ಹೇಳಿದ ತಾಳಮದ್ದಳೆ ಇದೇ. ಮಕ್ಕಳು ಹಿಂದಿರುಗಿ ಬಾಗಿಲು ತೆರೆದ ಕೂಡಲೇ ವೇಷ ಕಾಣಿಸುತ್ತದೆ. ಮಗ ದೊಣ್ಣೆ ಎತ್ತುತ್ತಾನೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಆ ಮಗ ಕೆಟ್ಟವನಲ್ಲ, ತಂದೆಯ ಮೇಲಿನ ಪ್ರೀತಿಯಿಂದಲೇ ಹೊಡೆಯುತ್ತಾನೆ. ಓದುವಾಗ ಅದೇ ಹೆಚ್ಚು ಕಷ್ಟ ಕೊಡುತ್ತದೆ. ಮುಂದೆ 1931ರ ಸಿನಿಮಾ ಈ ಪಾತ್ರದ ನಾಲಗೆಯನ್ನೇ ಕಿತ್ತು, ಗುರುಗುಟ್ಟುವುದನ್ನಷ್ಟೇ ಉಳಿಸಿದ್ದನ್ನು ನಾನು ದೊಡ್ಡ ನಷ್ಟವೆಂದು ಎಣಿಸುತ್ತೇನೆ. ನಮ್ಮ ಯಕ್ಷಗಾನದ ರಾಕ್ಷಸ ಪಾತ್ರವಾದ ಬಣ್ಣದ ವೇಷ ಕೂಡ ಆರ್ಭಟ ಮುಗಿದ ಮೇಲೆ ಮಾತನಾಡುತ್ತದೆ. ಮಿಲ್ಟನ್ನನನ್ನು ಓದಿ, ಪ್ಲುಟಾರ್ಕನ ಮಹಾಪುರುಷರ ಚರಿತ್ರೆಗಳನ್ನು ಓದಿ ಬೆಳೆದ ಇವನ ಮಾತು ಕಾದಂಬರಿಯಲ್ಲಿ ಎಲ್ಲರ ಮಾತಿಗಿಂತ ಮೇಲು.

ಇಲ್ಲಿ ನಾನು ಅವನ ಕೊಲೆಗಳನ್ನು ಮುಚ್ಚಿಡುತ್ತಿಲ್ಲ. ಅವನು ವಿಕ್ಟರನ ಎಳೆಯ ತಮ್ಮನನ್ನು ಕೊಲ್ಲುತ್ತಾನೆ. ಗೆಳೆಯನನ್ನು, ಮದುವೆಯ ರಾತ್ರಿಯೇ ಹೆಂಡತಿಯನ್ನು ಕೊಲ್ಲುತ್ತಾನೆ. ಮೇರಿ ಶೆಲ್ಲಿ ಅವನನ್ನು ಕ್ಷಮಿಸುವುದಿಲ್ಲ, ನಾವೂ ಕ್ಷಮಿಸಬೇಕಾಗಿಲ್ಲ. ಆದರೆ ಮೊದಲ ಕೊಲೆಯ ಆಪಾದನೆ ಜಸ್ಟೀನ್ ಎಂಬ ಬಡ ಕೆಲಸದ ಹುಡುಗಿಯ ಮೇಲೆ ಬಂದಾಗ ನಿಜ ತಿಳಿದಿದ್ದ ವಿಕ್ಟರ್ ನ್ಯಾಯಾಲಯದಲ್ಲಿ ಸುಮ್ಮನೆ ಕುಳಿತುಕೊಂಡ, ತನ್ನನ್ನು ಹುಚ್ಚನೆಂದಾರು ಎಂಬ ಹೆದರಿಕೆಯಿಂದ. ಹುಡುಗಿ ಗಲ್ಲಿಗೇರಿದಳು. ಅವನ ಪಶ್ಚಾತ್ತಾಪದ ಪುಟಗಳು ಎಷ್ಟು ದೀರ್ಘವಾಗಿದ್ದರೂ ಈ ಮೌನದ ಮುಂದೆ ನಿಲ್ಲುವುದಿಲ್ಲ.

ಮಾಡಿದ್ದು ಮಾಡಿ ಸುಮ್ಮನಿರುವುದು ಎಂದಾಗ ಈ ಊರಿನಲ್ಲಿ ನಿಂತು ನಾನು ಇನ್ನೊಂದು ಮಾತನ್ನು ಹೇಳದಿರಲಾರೆ. 1970ರ ದಶಕದ ಕೊನೆಯಿಂದ 2000ದವರೆಗೆ, ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲುವುದಕ್ಕೆಂದು ನಮ್ಮ ಗುಡ್ಡಗಳ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿಯಲಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರು, ಪೆರಿಯದ ಕಡೆಯ ಮನೆಗಳು ತೋಟದ ಕೆಳಗೆ ಇದ್ದವು. ಗುಡ್ಡ ಕೊರೆದ ಸುರಂಗದ ನೀರನ್ನೇ ನಂಬಿದ ಮನೆಗಳು. ಪಡ್ರೆಯ ತಾಯಂದಿರು ತಮ್ಮ ಮಕ್ಕಳ ಬಗ್ಗೆ ಹೇಳಿದ್ದನ್ನು ಅಧಿಕಾರದಲ್ಲಿದ್ದವರು ಬಹಳ ವರ್ಷ ಕೇಳಿಸಿಕೊಳ್ಳಲಿಲ್ಲ. ಛಾಯಾಚಿತ್ರಗಳನ್ನು ಮಾತ್ರ ಜಗತ್ತೆಲ್ಲ ನೋಡಿತು. ಆ ಮಕ್ಕಳನ್ನು ನಾನು ಕಾದಂಬರಿಯ ಜೀವಿಗೆ ಹೋಲಿಸುತ್ತಿಲ್ಲ, ಯಾರೂ ಹಾಗೆ ಹೋಲಿಸಕೂಡದು. ನಾನು ಹೋಲಿಸುವುದು ಅವಸರವನ್ನು; ಬೇಗ ಮುಗಿಯಲೆಂದು ಎಂಟು ಅಡಿ ಮಾಡಿದವನ ಅವಸರವನ್ನೂ, ಬೇಗ ಮುಗಿಯಲೆಂದು ಆಕಾಶದಿಂದ ಸುರಿದವರ ಅವಸರವನ್ನೂ. ಮತ್ತೆ ಆಮೇಲಿನ ಮೌನವನ್ನು. 2011ರ ಏಪ್ರಿಲ್ ತಿಂಗಳಲ್ಲಿ ಬಹುಕಾಲ ಕರಗದೆ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಂ ಒಡಂಬಡಿಕೆಯ ರಾಷ್ಟ್ರಗಳು ಸಭೆ ಸೇರಿ ಎಂಡೋಸಲ್ಫಾನನ್ನು ಜಗತ್ತಿನಿಂದ ತೊಲಗಿಸುವ ಪಟ್ಟಿಗೆ ಸೇರಿಸಿದವು. ಆ ಸಭೆ ನಡೆದದ್ದು ಜಿನೀವಾದಲ್ಲಿ. ವಿಕ್ಟರ್ ಫ್ರಾಂಕನ್‌ಸ್ಟೈನ್ ಹುಟ್ಟಿಬೆಳೆದ ಊರು, ಕಾದಂಬರಿ ಮೊಳೆತ ಸರೋವರ, ಅದೇ ದಡ. ಅದೇ ವರ್ಷದ ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ಮಧ್ಯಂತರ ಆದೇಶದಿಂದ ಅದರ ತಯಾರಿಕೆ ಮತ್ತು ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ ಪ್ರತಿ ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿತು. 2011ರ ಆ ಸಭೆಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದುವಾಗ ಜಿನೀವಾ ಎಂಬ ಹೆಸರು ನನ್ನ ಕಣ್ಣಿನಲ್ಲಿ ನಿಂತುಬಿಟ್ಟಿತ್ತು, ಮೇರಿ ಶೆಲ್ಲಿಯನ್ನು ಮತ್ತೆ ತೆಗೆದು ಓದಲು ಆರಂಭಿಸಿದ್ದು ಆಗಲೇ.

ಆಕೆ ಇದನ್ನು ಬರಿಯ ಬುದ್ಧಿಯಿಂದ ಬರೆದವಳಲ್ಲ. 1797ರ ಆಗಸ್ಟ್ 30ರಂದು ಹುಟ್ಟಿದ ಮೇರಿಯ ತಾಯಿ, ಹೆಣ್ಣಿನ ಹಕ್ಕುಗಳಿಗಾಗಿ ಬರೆದ ಮೇರಿ ವುಲ್‌ಸ್ಟನ್‌ಕ್ರಾಫ್ಟ್, ಬಾಣಂತಿ ಜ್ವರದಿಂದ ಸೆಪ್ಟೆಂಬರ್ 10ರಂದು ತೀರಿಕೊಂಡಳು. 1815ರಲ್ಲಿ ದಿನ ತುಂಬದೆ ಹುಟ್ಟಿದ ಮೇರಿಯ ಮೊದಲ ಮಗು ಹೆಸರಿಡುವ ಮೊದಲೇ ಹೋಯಿತು. ಮಗುವಿಗೆ ಜೀವ ಮರಳಿ ಬಂತೆಂದು, ಅದು ತಣ್ಣಗಾಗಿತ್ತಷ್ಟೇ, ಬೆಂಕಿಯ ಮುಂದೆ ಉಜ್ಜಿದಾಗ ಬದುಕಿತೆಂದು ಕನಸು ಕಂಡುದನ್ನು ಆಕೆ ದಿನಚರಿಯಲ್ಲಿ ಬರೆದಿದ್ದಾಳೆ. ಸತ್ತುದಕ್ಕೆ ಜೀವ ಕೊಡುವ ಆಸೆ ಆಕೆಗೆ ವಿಜ್ಞಾನಿಗಳಿಂದ ಮಾತ್ರ ಬಂದದ್ದಲ್ಲ. ಕಾದಂಬರಿಯ ಹೊರಚೌಕಟ್ಟಾಗಿರುವ ನಾವಿಕ ವಾಲ್ಟನ್ನನ ಪತ್ರಗಳು ಡಿಸೆಂಬರ್ 11ರಂದು ಆರಂಭವಾಗಿ ಮರುವರ್ಷದ ಸೆಪ್ಟೆಂಬರ್ 12ಕ್ಕೆ ಮುಗಿಯುತ್ತವೆ, ಒಂಬತ್ತು ತಿಂಗಳು. ಆ ಪತ್ರಗಳನ್ನು ಓದಬೇಕಾದ ಅವನ ಅಕ್ಕ ಮಾರ್ಗರೆಟ್ ವಾಲ್ಟನ್ ಸ್ಯಾವಿಲ್‌ಳ ಹೆಸರಿನ ಮೊದಲಕ್ಷರಗಳೂ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಶೆಲ್ಲಿಯ ಮೊದಲಕ್ಷರಗಳೂ ಇಂಗ್ಲಿಷಿನಲ್ಲಿ ಒಂದೇ.

ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಅಂಗಡಿಯಲ್ಲಿ ಸಿಗುವ ಪ್ರತಿಗಳಲ್ಲಿ ಹಲವು 1831ರ ತಿದ್ದಿದ ಪಾಠವನ್ನು ಅನುಸರಿಸುತ್ತವೆ. ಅದರ ಹೊತ್ತಿಗೆ ಗಂಡನನ್ನೂ ಮೂವರು ಮಕ್ಕಳನ್ನೂ ಕಳೆದುಕೊಂಡಿದ್ದ ಮೇರಿ ಶೆಲ್ಲಿ ವಿಕ್ಟರನ ನಡತೆಯಲ್ಲಿ ವಿಧಿಯ ಪಾಲನ್ನು ಹೆಚ್ಚಿಸಿದಳು. ಆ ದುಃಖ ನನಗೆ ಅರ್ಥವಾಗುತ್ತದೆ. ಆದರೂ 1818ರ ಪಾಠವನ್ನೇ ಹುಡುಕಿ ಓದಿ ಎನ್ನುತ್ತೇನೆ. ಅದರಲ್ಲಿ ವಿಕ್ಟರ್ ಬೇರೆ ರೀತಿಯಲ್ಲಿ ನಡೆದುಕೊಳ್ಳಬಹುದಾಗಿತ್ತು ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ವಿಧಿ ಎಂದ ಕೂಡಲೇ ಉತ್ತರ ಹೇಳಬೇಕಾದವನು ಎದ್ದು ಹೋಗಿಬಿಡುತ್ತಾನೆ.

ಆ 1818ರ ಪಾಠದ ಎರಡನೆಯ ಸಂಪುಟದ ಎರಡನೆಯ ಅಧ್ಯಾಯದಲ್ಲಿ ವಿಕ್ಟರ್ ಆಲ್ಪ್ಸ್ ಪರ್ವತದ ಹಿಮನದಿಯ ಮೇಲೆ ಒಬ್ಬನೇ ನಡೆಯುತ್ತಿರುತ್ತಾನೆ. ಮಂಜಿನ ಬಿರುಕುಗಳನ್ನು ದಾಟುತ್ತ ಮನುಷ್ಯರಿಗೆ ಮೀರಿದ ವೇಗದಲ್ಲಿ ಅವನ ಸೃಷ್ಟಿ ಎದುರಿಗೆ ಬರುತ್ತದೆ. ವಿಕ್ಟರ್ ಬೈಯುತ್ತಾನೆ, ನಿನ್ನ ಮುಖ ನನಗೆ ಕಾಣದಿರಲಿ ಎನ್ನುತ್ತಾನೆ. ಆಗ ಆ ಜೀವಿ ತನ್ನ ಎರಡೂ ಕೈಗಳನ್ನು ವಿಕ್ಟರನ ಕಣ್ಣಿಗೆ ಅಡ್ಡವಾಗಿ ಹಿಡಿಯುತ್ತದೆ. ನೋಡಬೇಡ, ಈಗ ನನ್ನ ಮಾತನ್ನು ಕೇಳಬಹುದಲ್ಲ ಎನ್ನುತ್ತದೆ. ಕೈಗಳನ್ನು ತಳ್ಳಿಬಿಟ್ಟರೂ ಕೊನೆಗೆ ವಿಕ್ಟರ್ ಒಪ್ಪುತ್ತಾನೆ, ಮಾಡಿದವನಿಗೆ ಮಾಡಲ್ಪಟ್ಟವನ ಮೇಲೆ ಕರ್ತವ್ಯವಿದೆಯೆಂದು ಅವನಿಗೆ ಮೊದಲ ಬಾರಿಗೆ ಅನಿಸುವುದು ಅಲ್ಲಿಯೇ. ಇಬ್ಬರೂ ಗುಡಿಸಲಿಗೆ ಹೋಗಿ ಬೆಂಕಿಯ ಎದುರು ಕೂರುತ್ತಾರೆ. ಹೊರಗೆ ಮಳೆ ಮತ್ತೆ ಹಿಡಿಯುತ್ತದೆ. ಈ ಸಂವಾದವನ್ನು ನಾನು ಕನ್ನಡಕ್ಕೆ ತಂದುಕೊಂಡಿದ್ದೇನೆ. ಇಬ್ಬರು ಅರ್ಥಧಾರಿ ಮಿತ್ರರು ಎದುರುಬದುರಾಗಿ ಕುಳಿತು ಅದನ್ನು ಓದಲು ಒಪ್ಪಿ ಇಲ್ಲಿಗೆ ಬಂದಿದ್ದಾರೆ. ವೇದಿಕೆಯ ದೀಪವನ್ನು ಸ್ವಲ್ಪ ತಗ್ಗಿಸಬೇಕೆಂದು ಕೇಳಿಕೊಳ್ಳುತ್ತೇನೆ.